ಏನಂದ್ರಿ ಸಾಹೇಬರು

ತರಬೇತಿ ಶಾಲೆಯಲ್ಲಿ ಅವರ ಬಗ್ಗೆ ನಮಗೆ ಒಂದು ಪಾಠವೇ ಇತ್ತು. ‘ಮೂರು ಸಲ ಕೇಳುವ ಪದ್ಧತಿ’ ಎಂದು ಕಪ್ಪುಹಲಗೆಯ ಮೇಲೆ ಬರೆದು ಮೇಷ್ಟರು ಅಡಿಗೆರೆ ಎಳೆಯುತ್ತಿದ್ದರು. ಸಾಕ್ಷಿ ಏನೇ ಹೇಳಲಿ, ಮುಖವನ್ನು ತುಸು ಎಡಕ್ಕೆ ತಿರುಗಿಸಿ, ಅವರ ಬಾಯಿಯನ್ನೇ ದಿಟ್ಟಿಸುತ್ತ “ಏನಂದ್ರಿ?” ಎನ್ನಬೇಕು. ಎರಡನೇ ಸಲ ಹೇಳಿದಾಗಲೂ “ಏನಂದ್ರಿ?” ಎನ್ನಬೇಕು. ಸುಳ್ಳು ಹೇಳುವವರು ಮೂರನೇ ಸಲಕ್ಕೆ ಕಥೆ ಬದಲಾಯಿಸುತ್ತಾರೆ, ನಿಜ ಹೇಳುವವರಿಗೆ ಮೂರನೇ ಸಲಕ್ಕೆ ಸಿಟ್ಟು ಬರುತ್ತದೆ. ನಾವು ಇಪ್ಪತ್ತೆಂಟು ಮಂದಿ ಎದುರುಬದುರಾಗಿ ಕೂತು, ಕತ್ತು ವಾರೆ ಮಾಡಿಕೊಂಡು ಇದನ್ನು ಅಭ್ಯಾಸ ಮಾಡುತ್ತಿದ್ದೆವು. ಕಿಟಕಿಯಿಂದ ನೋಡಿದವರಿಗೆ ಕತ್ತು ಉಳುಕಿದವರ ಆಸ್ಪತ್ರೆಯಂತೆ ಕಂಡಿರಬೇಕು.

ಆ ಪದ್ಧತಿಯನ್ನು ಕಂಡುಹಿಡಿದವರು ತೀರಿಕೊಂಡು ಇವತ್ತಿಗೆ ಹತ್ತೊಂಬತ್ತು ದಿನ. ಮೊದಲು ನನಗೆ ಮೇಲಧಿಕಾರಿಯಾಗಿದ್ದರು, ಆಮೇಲೆ ಹನ್ನೊಂದು ವರ್ಷ ಗೆಳೆಯರಾಗಿದ್ದರು. ಅವರ ಬಗ್ಗೆ ಇಲಾಖೆಯ ಪತ್ರಿಕೆಯಲ್ಲಿ ಆರು ಸಾಲು ಬಂದಿದೆ. ಆರರಲ್ಲಿ ಒಂದು ಸಾಲೂ ನಗಿಸುವಂಥದ್ದಲ್ಲ. ಅವರಿಗೆ ಅದು ಸರಿಬರುತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಪತ್ತೆ ವಿಭಾಗ ಎರಡನೇ ಮಹಡಿಯಲ್ಲಿತ್ತು. ಐದು ಮೇಜು, ಒಂದು ಫ್ಯಾನು, ಬಾಗಿಲು ಸರಿಯಾಗಿ ಮುಚ್ಚದ ಎರಡು ಕಬ್ಬಿಣದ ಬೀರು. ಮೂಲೆಯ ಮೇಜು ಅವರದು. ಎಡಗಡೆ ಗೋಡೆ ಇರುವಂತೆ, ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದರು. ನಾನು ಸೇರಿದ ದಿನ ಟೈಪಿಸ್ಟ್ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು ಕಾನೂನು ಹೇಳಿಕೊಟ್ಟಳು.

“ನೋಡು, ಏನಂದ್ರಿ ಸಾಹೇಬ್ರನ್ನ ಹಿಂದಿನಿಂದ ಕರೀಬೇಡ, ತಿರುಗಿ ಕೂಡ ನೋಡಲ್ಲ. ಅವರ ಮೇಜಿನ ಫೋನು ಹೊಡ್ಕೊಂಡ್ರೆ ನೀನೇ ಎತ್ತು, ಅವರು ಮುಟ್ಟಲ್ಲ. ಏನಾದ್ರೂ ಹೇಳೋದಿದ್ರೆ ಚೀಟಿ ಬರ್ದು ಕೊಡು.”

“ಯಾಕಕ್ಕ, ಅಷ್ಟು ಜಂಬಾನಾ?”

“ಜಂಬಾನೋ ಕೋಪಾನೋ ಯಾರಿಗ್ ಗೊತ್ತು. ಪತ್ತೆ ಮಾಡೋದ್ರಲ್ಲಿ ಮಾತ್ರ ಗಟ್ಟಿ ಕುಳ. ಹೋಗು, ದೇವರು ಒಳ್ಳೇದು ಮಾಡ್ಲಿ.”

ನಾನು ಹೋಗಿ ಎದುರಿಗೆ ನಿಂತು, “ಸಾರ್, ಇವತ್ತಿಂದ ಡ್ಯೂಟಿಗೆ ಸೇರ್ತಾ ಇದೀನಿ” ಎಂದೆ.

“ಏನಂದ್ರಿ?”

ನನಗೆ ಮೈ ಜುಮ್ಮೆಂದಿತು. ಪುಸ್ತಕದಲ್ಲಿ ಓದಿದ್ದು ಕಣ್ಣೆದುರಿಗೇ ನಡೆಯುತ್ತಿತ್ತು. ಮತ್ತೆ ಹೇಳಿದೆ. ಮತ್ತೆ “ಏನಂದ್ರಿ?” ಮೂರನೇ ಸಲಕ್ಕೆ ನನ್ನ ಗಂಟಲು ಏರಿತು, ಆಚೆ ಕೋಣೆಯವರು ಇಣುಕಿ ನೋಡಿದರು.

“ಸರಿ, ನಿಜಾನೇ ಹೇಳ್ತಿದೀಯ. ಕೂತ್ಕೊಮ್ಮ” ಎಂದರು.

ಅವರು ಸುಖವಾಗಿರಲಿಲ್ಲ ಎಂಬುದು ವಾರದೊಳಗೆ ಗೊತ್ತಾಯಿತು. ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತಾಗ ಅವರು ಫೈಲು ತೆರೆದು ಒಬ್ಬರೇ ತಿನ್ನುತ್ತಿದ್ದರು. ಯಾರಾದರೂ ತಮಾಷೆ ಹೇಳಿದರೆ ಮೊದಲು ಉಳಿದವರ ಮುಖ ನೋಡಿ, ಒಂದು ಗಳಿಗೆ ತಡವಾಗಿ ನಗುತ್ತಿದ್ದರು. ಆ ತಡವಾದ ನಗು ನನಗೆ ಏಕೋ ಹಿಡಿಸುತ್ತಿರಲಿಲ್ಲ. ನಮ್ಮನ್ನು ಅಳೆಯುತ್ತಿದ್ದಾರೆ ಅಂದುಕೊಂಡಿದ್ದೆ.

ನನ್ನ ಮೂರನೇ ವಾರ ಒಂದು ಸುತ್ತೋಲೆ ಬಂತು. ಐವತ್ತು ದಾಟಿದ ಅಧಿಕಾರಿಗಳೆಲ್ಲ ಕಣ್ಣು, ಕಿವಿ, ಹೃದಯ ತೋರಿಸಿ ಪ್ರಮಾಣಪತ್ರ ತರಬೇಕು; ತೇರ್ಗಡೆಯಾಗದವರಿಗೆ ಕಡತಗಳ ಕೋಣೆಯಲ್ಲಿ ಕೆಲಸ. ಸಾಹೇಬರು ಅದನ್ನು ಎರಡು ಸಲ ಓದಿ, ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು. ಅದೇ ಹೊತ್ತಿಗೆ ಕನ್ನಡಿ ಅಂಗಡಿಯಿಂದ ಕರೆ ಬಂತು.

ಉದ್ದ ಅಂಗಡಿ. ಎರಡೂ ಗೋಡೆಗೆ ಆಳೆತ್ತರದ ಕನ್ನಡಿಗಳನ್ನು ಒರಗಿಸಿದ್ದರು. ಒಳಗೆ ಕಾಲಿಟ್ಟರೆ ನಮ್ಮಂಥವರೇ ಇಪ್ಪತ್ತು ಜನ ಎದುರು ಬರುತ್ತಿದ್ದರು. ಹಿಂದೆ ಮಹಡಿಗೆ ಹೋಗುವ ಮೆಟ್ಟಿಲು. ಮೆಟ್ಟಿಲ ತುಂಬ ಗಾಜಿನ ಚೂರು, ಕೆಳಗೆ ರಕ್ತ. ಅಂಗಡಿಯ ಯಜಮಾನರನ್ನು ತಲೆಗೆ ಪೆಟ್ಟಾಗಿ, ಎಚ್ಚರವಿಲ್ಲದೆ ಆಸ್ಪತ್ರೆಗೆ ಒಯ್ದಿದ್ದರು. ಅವರ ಅಳಿಯ ಕೊನೆಯ ಮೆಟ್ಟಿಲ ಮೇಲೆ, ಅಂಗೈಯಿಂದ ರಕ್ತ ಸುರಿಸಿಕೊಂಡು ಕೂತಿದ್ದ. “ಕನ್ನಡಿ ಜಾರ್ತು, ನನ್ನಿಂದಾನೇ ಆಯ್ತು, ನನ್ನಿಂದಾನೇ” ಎನ್ನುವುದೊಂದೇ ಅವನ ಮಾತು. ಎದುರುಗಡೆ ಬೀಗ ರಿಪೇರಿಯವನು, ಬೆಳಿಗ್ಗೆಯಿಂದ ಮಾವ ಅಳಿಯ ಕೂಗಾಡುತ್ತಿದ್ದರು ಎಂದ.

ಕಣ್ಣಾರೆ ಕಂಡವರು ಒಬ್ಬರೇ. ಯಜಮಾನರ ಅಕ್ಕ, ಮಹಡಿಯಲ್ಲಿರುವ ಮುದುಕಿ. ಬೀದಿಯವರೆಲ್ಲ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದರು. ಅತ್ತೆಯ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ.

“ನಾನು ಮೇಲಿಂದ ನೋಡ್ತಾನೇ ಇದ್ದೆ ಕಣಮ್ಮ. ಅಳಿಯ ಒಡ್ದ. ನಮ್ ತಮ್ಮ ಇಂದಕ್ಕೆ ಬಿದ್ದ. ನಂಗೆ ಎದ್ರಿಕೆ ಆಗಿ ಊವಿನ ಕುಂಡ ಇಡ್ಕೊಂಡು ಅಲ್ಲೇ ಕುಸಿದು ಕೂತೆ. ಆಮೇಲೇನೂ ಗೊತ್ತಾಗ್ಲಿಲ್ಲ.”

ಶಾಲೆಯಲ್ಲಿ ಶುದ್ಧ ಬರಹಕ್ಕೆ ಬಹುಮಾನ ತೆಗೆದುಕೊಂಡವಳು ನಾನು. ಅತ್ತೆ ಬೀಳಿಸಿದ ಹಕಾರಗಳನ್ನೆಲ್ಲ ಹೆಕ್ಕಿ ಹೆಕ್ಕಿ ಅವುಗಳ ಜಾಗದಲ್ಲಿ ಕೂರಿಸಿದೆ. ‘ಹಿಂದಕ್ಕೆ’, ‘ಹೆದರಿಕೆ’, ‘ಹೂವು’, ‘ಹಿಡಿದುಕೊಂಡು’. ಅದೇ ಓಟದಲ್ಲಿ, ‘ಅಳಿಯನು ಹೊಡೆದನು’. ಬರೆದದ್ದನ್ನು ನಿಯಮದಂತೆ ಗಟ್ಟಿಯಾಗಿ ಓದಿದೆ. ಅತ್ತೆ ಪ್ರತಿ ಸಾಲಿಗೂ “ಊಂ, ಅಂಗೇ” ಎಂದು ತಲೆದೂಗಿ ಸಹಿ ಹಾಕಿದರು. ಕೆಳಗೆ ‘ನನ್ನ ಎದುರಿಗೆ ಓದಿ ಹೇಳಲಾಯಿತು’ ಎಂಬಲ್ಲಿ ಸಾಹೇಬರು ಸಹಿ ಹಾಕಿದರು.

ಅವತ್ತು ಅವರು ಒಂದು ಸಲವೂ “ಏನಂದ್ರಿ?” ಎನ್ನಲಿಲ್ಲ. ನನ್ನ ಹೇಳಿಕೆ ಅಷ್ಟು ಚೆನ್ನಾಗಿದೆ ಎಂದು ಒಳಗೊಳಗೇ ಉಬ್ಬಿದೆ.

ಅಳಿಯನನ್ನು ಹಿಡಿದು ಒಳಗೆ ಹಾಕಿದೆವು. ಯಜಮಾನರ ಮಗಳು ಆಸ್ಪತ್ರೆಯಿಂದ ನೇರ ನಮ್ಮಲ್ಲಿಗೆ ಬಂದು ಹೇಳಿಕೆ ಓದಿದಳು. ಸರಳುಗಳಾಚೆ ಇದ್ದ ಗಂಡನಿಗೆ, “ಅಪ್ಪ ಕಣ್ಣು ಬಿಡ್ಲಿ ಬಿಡದೇ ಇರ್ಲಿ, ನಿನ್ನ ಮುಖ ಇನ್ನು ನೋಡಲ್ಲ” ಎಂದು ಹೇಳಿ ಹೊರಟುಹೋದಳು. ಅವನದು ಆಗಲೂ ಅದೇ ಮಾತು, “ನನ್ನಿಂದಾನೇ ಆಯ್ತು.” ಮಾರನೆಯ ದಿನ ಮೂರು ಗಂಟೆಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು. ಹೊಡೆದವನು ಎಂದು ಒಮ್ಮೆ ಅಲ್ಲಿ ದಾಖಲಾದರೆ ಆ ಮನೆ ಮತ್ತೆ ಒಂದಾಗುವುದು ಕಷ್ಟವಿತ್ತು.

ಸಂಜೆ ಸಾಹೇಬರನ್ನು ಮನೆಗೆ ಬಿಡಲು ಜೀಪಿನಲ್ಲಿ ಹೊರಟೆವು. ನಾನು ಅವಸರದಲ್ಲಿ ಅವರ ಎಡಗಡೆ ಹತ್ತಿ ಕೂತುಬಿಟ್ಟಿದ್ದೆ.

“ಸಾರ್, ಅತ್ತೆ ಹೇಳಿಕೆ ಹೇಗಿತ್ತು?” ಎಂದೆ.

“ಐದೂವರೆ” ಎಂದರು, ಗಡಿಯಾರ ನೋಡದೆ.

ನನಗೆ ಏನೋ ಹೊಳೆದಂತಾಯಿತು. ಸ್ವಲ್ಪ ಹೊತ್ತು ಬಿಟ್ಟು, ದನಿಯಲ್ಲಿ ಏರಿಳಿತವಿಲ್ಲದೆ, “ಸಾರ್, ನಿಮ್ಮ ಅಂಗಿಗೆ ಬೆಂಕಿ ಹತ್ಕೊಂಡಿದೆ” ಎಂದೆ.

“ಆಗ್ಲಿ, ಆಗ್ಲಿ. ನಾಳೆ ನೋಡೋಣ.”

ಮುಂದೆ ಕೂತಿದ್ದ ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟ. ಅವನಿಗೆ ಎಂಟು ವರ್ಷದಿಂದ ಗೊತ್ತಿತ್ತಂತೆ.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಅವರ ಮೇಜಿನ ಮೇಲೆ ಒಂದು ಚೀಟಿ ಇಟ್ಟೆ. ‘ಸಾರ್, ನಿಮಗೆ ಕೇಳಿಸುವುದಿಲ್ಲ, ಅಲ್ಲವೇ?’ ಅವರು ಬಂದು ಓದಿದರು. ಕನ್ನಡಕ ತೆಗೆದು ಒರೆಸಿದರು. ಇನ್ನು ನನ್ನ ಕೆಲಸ ಹೋಯಿತು ಅಂದುಕೊಂಡೆ.

“ಯಾರ್ಯಾರಿಗೆ ಹೇಳ್ದೆ?”

“ಯಾರಿಗೂ ಇಲ್ಲ ಸಾರ್.”

“ಏನಂದ್ರಿ?”

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ಈ ಸಲ ತಡವಾಗಲಿಲ್ಲ.

“ಎಡಗಿವಿ ಪೂರ್ತಿ ಹೋಗಿದೆ. ಬಲಗಿವೀಲಿ ಮುಕ್ಕಾಲು. ಮೊದಮೊದ್ಲು ನಾಚ್ಕೆ ಆಗಿ ಹೇಳ್ಲಿಲ್ಲ. ಆಮೇಲೆ ಜನ ಅದಕ್ಕೆ ಪದ್ಧತಿ ಅಂತ ಹೆಸರಿಟ್ಬಿಟ್ರು. ಹೆಸರಿಟ್ಟ ಮೇಲೆ ಹೇಗಮ್ಮ ಹೇಳೋದು?” ಎಂದರು. ಆಮೇಲೆ ಹಿಂದಿನ ದಿನದ ಹೇಳಿಕೆಯನ್ನು ನನ್ನ ಮುಂದೆ ತಳ್ಳಿದರು. “ನಿನ್ನೆ ಆ ಸುತ್ತೋಲೆ ನೋಡಿ ಎದೆ ಧಸಕ್ಕಂತು. ಯಾರಿಗೂ ಅನುಮಾನ ಬರಬಾರ್ದು ಅಂತ ಬಾಯಿ ಮುಚ್ಕೊಂಡು ಕೂತಿದ್ದೆ. ಆಕೆ ಏನಂದ್ರು?”

“ಅದ್ರಲ್ಲೇ ಬರ್ದಿದೀನಲ್ಲ ಸಾರ್.”

“ನೀನು ಬರ್ದಿದ್ದು ಮೂರು ಸಲ ಓದ್ದೆ. ಅವರು ಏನಂದ್ರು ಅಂತ ಕೇಳ್ತಿದೀನಿ. ಹೊಡೆದನು ಅಂತಿದೆ. ಯಾವುದ್ರಿಂದ ಹೊಡೆದ? ಕೈಲಾ, ಕೋಲಲ್ಲಾ? ಕೇಳಿದ್ಯಾ?”

ಕೇಳಿರಲಿಲ್ಲ. ಒಂಬತ್ತೂವರೆಗೆಲ್ಲ ನಾವು ಅತ್ತೆಯ ಮಹಡಿಯಲ್ಲಿದ್ದೆವು.

ಅತ್ತೆ ನಮ್ಮನ್ನು ನೋಡಿ ಮುಖ ಸಿಂಡರಿಸಿದರು. “ನಿನ್ನೇನೆ ಎಲ್ಲಾ ಏಳಿದ್ನಲ್ಲಪ್ಪ!”

“ಏನಂದ್ರಿ?”

“ಅಳಿಯ ಒಡ್ದ ಅಂದೆ.”

“ಏನಂದ್ರಿ?”

“ಒಡ್ದ, ಒಡ್ದ, ಒಡ್ದ! ಎಷ್ಟು ಸಲ ಏಳ್ಬೇಕು? ಕಿವುಡಾ ನೀನು?”

ಇಡೀ ಇಲಾಖೆಯಲ್ಲಿ ಯಾರೂ ಅವರನ್ನು ಮುಖಕ್ಕೆ ಮುಖ ಕೊಟ್ಟು ಕೇಳದ ಮಾತು ಅದು. ಸಾಹೇಬರು ಕಿಟಕಿಯಾಚೆ ಒಂದು ಸಲ ನೋಡಿ, “ಹೌದಮ್ಮ, ಕಿವುಡು” ಎಂದರು.

ಅತ್ತೆಯ ಮುಖ ಅರಳಿಬಿಟ್ಟಿತು. “ಅಯ್ಯೋ, ಮೊದ್ಲೇ ಏಳೋದಲ್ವಾ! ನಮ್ ಯಜಮಾನ್ರೂ ಕಿವುಡೇ ಇದ್ರು. ನಲವತ್ತು ವರ್ಷ ಕೈಯಲ್ಲೇ ಸಂಸಾರ ಮಾಡಿದೀನಿ. ಬನ್ನಿ, ತೋರಿಸ್ತೀನಿ.”

ಅಡುಗೆಮನೆಯಿಂದ ಒಂದು ದೊಡ್ಡ ಸ್ಟೀಲ್ ಟ್ರೇ ತಂದರು. ಸಾಹೇಬರ ಎದೆಗೆ ಬೆರಳು ಚುಚ್ಚಿ, ಮೀಸೆ ತಿರುವಿದಂತೆ ಮಾಡಿ, ನೀನು ಅಳಿಯ ಎಂದು ಸನ್ನೆ ಮಾಡಿದರು. ನನ್ನ ಕಡೆ ತಿರುಗಿ ಹೊಟ್ಟೆಯನ್ನು ದೊಡ್ಡದಾಗಿ ತೋರಿಸಿದರು, ನಾನು ತಮ್ಮ. ಟ್ರೇಯ ಮೇಲಿನ ತುದಿ ಸಾಹೇಬರ ಕೈಗೆ, ಕೆಳಗಿನ ತುದಿ ನನ್ನ ಕೈಗೆ. ನಾನು ಬೆನ್ನು ಹಿಂದಾಗಿ ಮೆಟ್ಟಿಲು ಇಳಿಯಬೇಕು. “ಇಳೀರಿ, ಇಳೀರಿ, ಇನ್ನೊಂದು... ಆ, ನಿಲ್ಲಿ!” ತಿರುವಿನಲ್ಲಿ ಅತ್ತೆ ಸಾಹೇಬರ ಮೊಣಕೈ ಹಿಡಿದು ಬಲಕ್ಕೆ ಎಳೆದರು. ಟ್ರೇಯ ಮೂಲೆ ಮರದ ಕೈಕಂಬಿಗೆ ಠಣ್ಣೆಂದು ಬಡಿದು, ಅವರ ಕೈ ಜಾರಿ, ನನ್ನ ಮೇಲೆ ಬಂತು. ನಾನು ಹಿಂದಕ್ಕೆ ಕಾಲಿಟ್ಟೆ, ಮೆಟ್ಟಿಲು ಸಿಗಲಿಲ್ಲ, ಧೊಪ್ಪೆಂದು ಕೂತೆ. ಟ್ರೇ ಗಣಗಣ ಸದ್ದು ಮಾಡುತ್ತ ಕನ್ನಡಿಗಳ ನಡುವೆ ಉರುಳಿಹೋಯಿತು. ಬೀಗದವನು ಓಡಿ ಬಂದ.

“ಅಂಗೇ! ಥೇಟ್ ಅಂಗೇ!” ಅತ್ತೆ ಚಪ್ಪಾಳೆ ತಟ್ಟಿದರು. “ಕನ್ನಡಿ ಒಡ್ದ ಕಣಪ್ಪ. ಮಾವನ್ನ ಯಾಕೆ ಒಡೀತಾನೆ? ನಮ್ ಉಡುಗ ಸೊಳ್ಳೆನೂ ಒಡೆಯಲ್ಲ!”

ನಾನು ಮೆಟ್ಟಿಲ ಮೇಲೆ ಕೂತಲ್ಲೇ ಕೂತಿದ್ದೆ. “ಅತ್ತೆ, ನಿನ್ನೆ ನಾನು ಹೊಡೆದನು ಅಂತ ಓದಿದಾಗ ನೀವು ಊಂ ಅಂದ್ರಲ್ಲ?”

“ಒಡೆದನು ಅಂತ ನೀನು ಓದ್ದೆ. ಊಂ ಅಂದೆ. ಈಗ್ಲೂ ಅದೇ ಅಂತಿದೀಯ, ಈಗ್ಲೂ ಊಂ.”

ನನ್ನ ‘ಹೊ’ಕ್ಕೂ ಅವರ ‘ಒ’ಕ್ಕೂ ಅವರ ಕಿವಿಯಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಶುದ್ಧ ಬರಹದ ಬಹುಮಾನ ತೆಗೆದುಕೊಂಡವಳು ಒಂದು ಅಕ್ಷರ ತಿದ್ದಿ ಒಬ್ಬನನ್ನು ಜೈಲಿಗೆ ಕಳಿಸಲು ಹೊರಟಿದ್ದಳು.

ಸಾಹೇಬರು ಆಗಲೇ ಮಂಡಿಯೂರಿ ಕೈಕಂಬಿ ನೋಡುತ್ತಿದ್ದರು. ಟ್ರೇ ಬಡಿದ ಜಾಗಕ್ಕೆ ಒಂದು ಗೇಣು ಮೇಲೆ ಹಳೆಯ ಬಣ್ಣ ಕಿತ್ತು ಮರ ಕಾಣುತ್ತಿತ್ತು, ಅದರಲ್ಲಿ ಕನ್ನಡಿಯ ಬೆನ್ನಿನ ಬೆಳ್ಳಿಪುಡಿ ಮೆತ್ತಿಕೊಂಡಿತ್ತು. ಬೆಳಗಿನ ಕೂಗಾಟ ಏನಿತ್ತು ಎಂದು ಕೇಳಿದ್ದಕ್ಕೆ ಅತ್ತೆ, ದೊಡ್ಡ ಕನ್ನಡಿಯನ್ನು ಮೆಟ್ಟಿಲಿನಿಂದ ಇಳಿಸುವುದೋ, ಕಿಟಕಿಯಿಂದ ಹಗ್ಗ ಕಟ್ಟಿ ಇಳಿಸುವುದೋ ಎಂಬುದಷ್ಟೇ ಜಗಳ ಎಂದರು. ಅತ್ತೆಗೆ ಇದೆಲ್ಲ ನಮಗೆ ಗೊತ್ತಿಲ್ಲ ಎಂಬುದೇ ಗೊತ್ತಿರಲಿಲ್ಲ. ಅಳಿಯನ ಕೈಗೆ ಔಷಧಿ ಹಚ್ಚಿಸಲು ಕರೆದುಕೊಂಡು ಹೋಗಿದ್ದೀವಿ ಅಂದುಕೊಂಡಿದ್ದರು.

ದಾರಿಯಲ್ಲಿ ನಾನು ಅವರ ಬಲಗಡೆ ಕೂತು, “ತಪ್ಪು ನಂದು ಸಾರ್. ನಾನೇ ಬರ್ದು ಕೊಡ್ತೀನಿ” ಎಂದೆ.

“ನಿನ್ನ ತಪ್ಪು ಒಂದಕ್ಷರ. ಕೇಳಿಸ್ಕೊಳ್ದೆ ಸಹಿ ಹಾಕಿದ್ದು ನಾನು” ಎಂದರು. ಇದು ಬರೀ ಹೊಸ ಹುಡುಗಿಯ ಅವಸರ ಎಂದು ಹೇಳಿ, ತಮ್ಮ ಕಿವಿಯ ಸುದ್ದಿ ಎತ್ತದೆ, ಹೊಸ ಹೇಳಿಕೆ ಜೋಡಿಸಿ ಕೊಟ್ಟಿದ್ದರೂ ಅಳಿಯ ಬಿಡುಗಡೆಯಾಗುತ್ತಿದ್ದ. ನನ್ನ ಹೆಸರಿಗೆ ಒಂದು ಕಪ್ಪು ಚುಕ್ಕೆ ಬೀಳುತ್ತಿತ್ತು, ಅಷ್ಟೇ. ಅವರು ಮೇಜಿಗೆ ಕೂತು ತಮ್ಮ ಕೈಬರಹದಲ್ಲೇ ಬರೆದರು: ‘ಹೇಳಿಕೆಯನ್ನು ಓದಿದಾಗ ನಾನು ಅಲ್ಲಿದ್ದೆ. ಆದರೆ ನನಗೆ ಕೇಳಿಸಲಿಲ್ಲ. ಹಲವು ವರ್ಷಗಳಿಂದ ಕೇಳಿಸುತ್ತಿಲ್ಲ.’

ದೊಡ್ಡ ಸಾಹೇಬರ ಕೋಣೆಗೆ ಇಬ್ಬರೂ ಹೋದೆವು. ಅವರು ಕಾಗದವನ್ನು ಓದಿ, ಮೇಲೆ ನೋಡಿ, ಮತ್ತೆ ಓದಿದರು.

“ಹಾಗಾದ್ರೆ ಆ ಮೂರು ಸಲ ಕೇಳೋ ಪದ್ಧತಿ?”

“ಪದ್ಧತಿ ಏನಿಲ್ಲ ಸಾರ್. ಕೇಳಿಸ್ತಿರ್ಲಿಲ್ಲ.”

“ಮತ್ತೆ ಕತ್ತು ವಾರೆ ಮಾಡೋದು?”

“ಬಲಗಿವಿ ಮುಂದೆ ಬರ್ಲಿ ಅಂತ.”

“ಅಲ್ರೀ, ತರಬೇತಿ ಶಾಲೇಲಿ ಒಂಬತ್ತು ವರ್ಷದಿಂದ ಅದನ್ನ ಪಾಠ ಮಾಡ್ತಿದೀವಲ್ರೀ!” ದೊಡ್ಡ ಸಾಹೇಬರು ಹಣೆಗೆ ಕೈ ಹಚ್ಚಿಕೊಂಡರು. ಬೈಯುತ್ತಾರೆ ಎಂದು ನಾನು ಗೋಡೆ ನೋಡುತ್ತಿದ್ದೆ. ಭುಜ ಅಲುಗುತ್ತಿದ್ದುದು ನೋಡಿದಾಗ ಗೊತ್ತಾಯಿತು, ನಗುತ್ತಿದ್ದರು. ಕಣ್ಣೀರು ಬರುವವರೆಗೆ ನಕ್ಕು, ನೀರು ಕುಡಿದು, ಆಮೇಲೆ ಗಂಭೀರವಾಗಿ ಆಜ್ಞೆ ಮಾಡಿದರು. ಕಿವಿಗೆ ಯಂತ್ರ ಹಾಕಿಸಿಕೊಂಡು ಪ್ರಮಾಣಪತ್ರ ತರುವವರೆಗೆ ಹೊರಗಿನ ಕೆಲಸವಿಲ್ಲ. ಕಚೇರಿಯಲ್ಲಿ ಕೂತು ಎಲ್ಲರ ಹೇಳಿಕೆಗಳನ್ನೂ ಓದಿ, ಅನುಮಾನ ಬಂದಲ್ಲಿ ಗುರುತು ಹಾಕಬೇಕು. “ಶುರು ಈ ಹುಡುಗಿ ಬರ್ದಿದ್ದರಿಂದ್ಲೇ ಮಾಡಿ” ಎಂದರು.

ಮೂರು ಗಂಟೆಗೆ ಅಳಿಯ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಲಿಲ್ಲ. ನಮ್ಮ ಮೆಟ್ಟಿಲ ಕೆಳಗೆ ಹೆಂಡತಿಯ ಮುಂದೆ ನಿಂತಿದ್ದ. ಅವಳು ಅವನ ಕಟ್ಟು ಹಾಕಿದ ಕೈಯನ್ನು ನೋಡಿ, “ಮೆಟ್ಟಿಲಲ್ಲೇ ಇಳಿಸ್ಬೇಕಿತ್ತಾ?” ಎಂದು ಬೈದಳು. “ಬೈದ್ಳು ತಾನೇ, ಇನ್ನು ಪರವಾಗಿಲ್ಲ” ಎಂದರು ಸಾಹೇಬರು. ಎರಡು ದಿನದ ಮೇಲೆ ಯಜಮಾನರು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟರು. ಅವರ ಮೊದಲ ಮಾತು, “ಕಿಟಕೀಲಿ ಇಳಿಸೋಣ ಅಂದೆ. ಕೇಳಿದ್ನಾ ಆ ಬಡ್ಡಿಮಗ?” ಹೇಳಿಕೆಯಲ್ಲಿ ಅದನ್ನು ಹಾಗೆಯೇ ಬರೆದುಕೊಂಡೆ, ಒಂದಕ್ಷರವನ್ನೂ ತಿದ್ದಲಿಲ್ಲ.

ಯಂತ್ರ ಬಂದ ದಿನ ಸಾಹೇಬರು ಕಚೇರಿಯ ಮೆಟ್ಟಿಲು ಹತ್ತಿ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಎರಡು ಹೆಜ್ಜೆ ಇಟ್ಟು, ಮತ್ತೆ ನಿಂತು, ಕೆಳಗೆ ನೋಡಿಕೊಂಡರು.

“ಈ ಶೂ ಯಾವತ್ತಿಂದ ಹೀಗೆ ಕಿರ್ ಕಿರ್ ಅಂತಿದೆ?”

“ನಾ ಸೇರಿದಾಗ್ಲಿಂದ ಸಾರ್” ಎಂದೆ.

“ಅದಕ್ಕೂ ಮುಂಚಿಂದ” ಎಂದಳು ಟೈಪಿಸ್ಟ್ ಅಕ್ಕ.

“ಇದನ್ನ ಹಾಕ್ಕೊಂಡು ನಾನು ಕಳ್ಳರ ಹಿಂದೆ ಮೆಲ್ಲಗೆ ಹೋಗ್ತಿದ್ನಾ!” ಎಂದು ಕುರ್ಚಿಗೆ ಕುಸಿದರು. ಅವತ್ತು ನಮ್ಮೊಂದಿಗೆ ಊಟಕ್ಕೆ ಕೂತರು. ಯಾರೋ ಹಳಸಲು ಜೋಕು ಹೇಳಿದರು. ಎಲ್ಲರಿಗಿಂತ ಮೊದಲು ನಕ್ಕವರು ಅವರು.

ಆಮೇಲಿನ ವರ್ಷಗಳ ಬಗ್ಗೆ ಬರೆಯಲು ಹೋದರೆ ಮುಗಿಯುವುದಿಲ್ಲ. ತರಬೇತಿ ಶಾಲೆಯವರು ಆ ಪಾಠವನ್ನು ತೆಗೆಯಲಿಲ್ಲ. ವರ್ಷಕ್ಕೊಮ್ಮೆ ಅವರನ್ನೇ ಕರೆಸಿ ಮಾಡಿಸುತ್ತಿದ್ದರು. “ಕತ್ತು ನೇರ ಇಟ್ಕೊಳ್ರಪ್ಪ, ಅದು ನನ್ನ ಕಿವಿಯ ಕಾಯಿಲೆ. ಆದ್ರೆ ಮೂರು ಸಲ ಕೇಳಿ. ಕಿವಿ ನೆಟ್ಟಗಿರೋರೇ ಜಾಸ್ತಿ ತಪ್ಪು ಕೇಳಿಸ್ಕೊಳ್ಳೋದು” ಎಂದು ಹೇಳಿ ನನ್ನ ಕಡೆ ನೋಡುತ್ತಿದ್ದರು. ಹೆಸರು ಮಾತ್ರ ಎಂದೂ ಹೇಳಲಿಲ್ಲ. ಅತ್ತೆ ತೀರಿಕೊಳ್ಳುವವರೆಗೂ ತಿಂಗಳಿಗೊಮ್ಮೆ ಅವರ ಮಹಡಿಗೆ ಹೋಗಿ ಕೈಸನ್ನೆ ಕಲಿತರು. ನಿವೃತ್ತರಾದ ಮೇಲೆ ನಾನು ಕಷ್ಟದ ಹೇಳಿಕೆಗಳನ್ನು ಅವರ ಮನೆಗೆ ಒಯ್ಯುತ್ತಿದ್ದೆ. ಅವರ ಮನೆಯವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕ ಒಳಗಿನಿಂದ ಏನಾದರೂ ಕೂಗಿದರೆ ಸಾಹೇಬರು ನನಗೆ ಕಣ್ಣು ಹೊಡೆದು ಯಂತ್ರದ ಗುಂಡಿ ತಿರುಗಿಸಿ ಆರಿಸುತ್ತಿದ್ದರು. “ಏನಂದ್ರಿ?” ಎಂದು ಕೂಗುತ್ತಿದ್ದರು. ಮೂರನೇ ಸಲಕ್ಕೆ ಅಕ್ಕ ಸೌಟು ಹಿಡಿದು ಬಾಗಿಲಿಗೆ ಬರುತ್ತಿದ್ದರು.

ಹತ್ತೊಂಬತ್ತು ದಿನದ ಹಿಂದೆ ಬೆಳಿಗ್ಗೆ, ಬಚ್ಚಲಿನ ಬಾಗಿಲು ಕಿರುಗುಟ್ಟುವುದು ಕೇಳಿಸಿ, ಕೀಲಿಗೆ ಎಣ್ಣೆ ಬಿಟ್ಟು ಬಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಹತ್ತು ಗಂಟೆಗೆ ಅಕ್ಕ ಫೋನು ಮಾಡಿದರು. ನಾನು ಕಚೇರಿಯಲ್ಲಿ ಅವರದೇ ಮೂಲೆಯ ಮೇಜಿನಲ್ಲಿದ್ದೆ. ನನ್ನ ಕಿವಿ ಚೆನ್ನಾಗಿದೆ, ಫೋನೂ ಚೆನ್ನಾಗಿತ್ತು.

“ಸಾಹೇಬ್ರು ಹೋಗ್ಬಿಟ್ರು ಕಣೆ.”

“ಏನಂದ್ರಿ?” ಎಂದೆ.

ಅಕ್ಕ ಮತ್ತೆ ಹೇಳಿದರು. “ಏನಂದ್ರಿ?” ಎಂದೆ. ಕಥೆ ಬದಲಾಗಲಿ ಎಂದು ಕಾಯುತ್ತಿದ್ದೆ.

“ಹೋದ್ರು ಅಂದ್ನಲ್ಲೇ! ಎಷ್ಟು ಸಲ ಹೇಳ್ಲಿ? ನಿಂಗೂ ಕಿವಿ ಹೋಯ್ತಾ?”

ಆಗ ನಂಬಿದೆ. ಆಮೇಲೆ, ಒಂದು ಗಳಿಗೆ ತಡವಾಗಿ, ಅಕ್ಕ ಆ ಕಡೆ, ನಾನು ಈ ಕಡೆ, ಅಳುತ್ತಲೇ ನಕ್ಕೆವು.